ಹನ್ನೆರಡನೆಯ ಚಿಲಕ

ಗಂಡನ ಹೊಡೆತ ತಾಳದೆ ಓಡಿಬಂದ ಒಬ್ಬಳಿಗೆ ಟೈಲರ್ ಅಕ್ಕ ತನ್ನ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟು ಒಂಬತ್ತು ವರ್ಷವಾಯಿತು. ಈಗ ಅಂಥ ಕೋಣೆಗಳು ಹನ್ನೆರಡು. ಆಶ್ರಯಧಾಮ ಎಷ್ಟು ಬೆಳೆದಿದೆಯೆಂದು ಜನ ಹೊಗಳುತ್ತಾರೆ. ಬಡಿಯುವ ಕೈಗಳು ಎಷ್ಟು ಬೆಳೆದವೆಂದು ಯಾರೂ ಕೇಳುವುದಿಲ್ಲ.

ಅಲ್ಲಿನ ಬಾಗಿಲುಗಳಿಗೆ ಚಿಲಕ ಒಳಗಡೆ ಮಾತ್ರ. ಎಲ್ಲವನ್ನೂ ಕೂರಿಸಿದವನು ಒಬ್ಬನೇ ಬಡಗಿ. ಹನ್ನೆರಡನೆಯದಕ್ಕೆ ಬಂದಾಗ ಅಕ್ಕ ತಡೆದಳು.

"ಇವತ್ತು ಬೇಡ ಅಣ್ಣ."

"ಯಾಕಮ್ಮ, ನನ್ನ ಕೈಗೇನು ಲಕ್ವ ಹೊಡೆದಿದೆಯಾ?" ಎಂದು ನಗುತ್ತಲೇ ಒಳಗೆ ಹೋದ.

ಮಂಚದ ಮೇಲೆ ಅವನ ಮಗಳು ಕೂತಿದ್ದಳು, ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು. ಮೂರು ಸಲ ತವರಿಗೆ ಓಡಿಬಂದಿದ್ದಳು. ಮೂರು ಸಲವೂ "ಸ್ವಲ್ಪ ಹೊಂದಿಕೊಂಡು ಹೋಗು ಮಗಳೇ" ಎಂದು ಇವನೇ ಗಂಡನ ಮನೆಗೆ ಬಿಟ್ಟು ಬಂದಿದ್ದ.

"ಮನೆಗೆ ಬರಬಾರದಿತ್ತಾ ತಾಯಿ?"

"ನಿಮ್ಮನೇಲಿ ಇಂಥ ಚಿಲಕ ಇಲ್ಲವಲ್ಲಪ್ಪ."

ಅವನು ಬಾಗಿಲ ಬಳಿ ಮಂಡಿಯೂರಿ ಕೂತ. ಎರಡು ಸಲ ತಿರುಪುಮೊಳೆ ಕೈಜಾರಿ ಬಿತ್ತು.

"ಗಟ್ಟಿಯಾಗಿ ಕೂರಿಸು," ಎಂದಳು ಮಗಳು. "ನೀನು ಬಂದು ಕರೆದರೂ ಅದು ಅಲ್ಲಾಡಬಾರದು."

ಕೆಲಸ ಮುಗಿಸಿ ಹೊರಗೆ ಬಂದ. ಬೆನ್ನ ಹಿಂದೆ ಬಾಗಿಲು ಮುಚ್ಚಿತು, ಚಿಲಕ ಬಿತ್ತು. ಅಭ್ಯಾಸಬಲದಿಂದ ಅವನು ಬಾಗಿಲನ್ನು ಒಮ್ಮೆ ತಳ್ಳಿ ನೋಡಿದ. ಅಲ್ಲಾಡಲಿಲ್ಲ.