ಗಾಜಿನ ಇನ್ನೊಂದು ತುದಿ

ಮಗಳು ಡಾಕ್ಟರ ಕೊರಳಪಟ್ಟಿ ಹಿಡಿದು ಶವದ ವ್ಯಾನಿನ ಬಾಗಿಲಿಗೆ ಅಪ್ಪಳಿಸಿದಳು. ತಗಡು ಧಡ್ ಎಂದಿತು. ಒಳಗೆ ಮಲಗಿಸಿದ್ದ ತಾಯಿಯ ಮೇಲಿನ ಹೂಗಳು ಅದುರಿದವು.

"ಬಿಡೇ! ಹೆಣ ಇಟ್ಕೊಂಡು ಇದೇನು ರಂಪ?" ಸೋದರಮಾವ ಅವಳ ತೋಳು ಹಿಡಿದೆಳೆದರು. ಗ್ಯಾರೇಜಿನಲ್ಲಿ ಲಾರಿ ಚಕ್ರ ಬಿಚ್ಚುವ ತೋಳು ಅದು. ಒಂದೇ ಕೊಡವಿಗೆ ಮಾವ ಮಣ್ಣುಮುಕ್ಕಿದರು.

"ಮೂವತ್ತು ವರ್ಷ ಇವನ ಲ್ಯಾಬಲ್ಲಿ ದುಡಿದ್ಳು ಅಮ್ಮ. ಹೊಸ ಔಷಧಿ ಇವನ ಕೈಲೇ ಇತ್ತು ಮಾವ! ರಿಪೋರ್ಟಲ್ಲಿ ಸೊನ್ನೆ ಅಂತ ಬರೆದು ಸಾಯಿಸಿಬಿಟ್ಟ."

ಡಾಕ್ಟರ ತುಟಿ ಒಡೆದು ನೆತ್ತರು ಗಲ್ಲಕ್ಕಿಳಿದಿತ್ತು. "ಆ ಸೊನ್ನೆ ನಾನು ಬರೆದದ್ದಲ್ಲ. ಬಾ, ತೋರಿಸ್ತೀನಿ. ಲ್ಯಾಬು ದಾರೀಲೇ ಇದೆ."

"ಸ್ಮಶಾನದಲ್ಲಿ ಕೊಟ್ಟಿರೋ ಹೊತ್ತು ಮೀರತ್ತೆ," ಎಂದು ಚಾಲಕ ಗೊಣಗಿದ.

"ಕಾಯಿ," ಎಂದಳು ಮಗಳು. "ಅಮ್ಮನಿಗೇನೂ ಅವಸರ ಇಲ್ಲ."

*

ಏಳನೇ ತರಗತಿಯ ಅಂಕಪಟ್ಟಿಯಲ್ಲಿ ಮಗಳು 3ನ್ನು 8 ಮಾಡಿದ್ದಳು. ತಾಯಿ ಕೆನ್ನೆಗೆ ಬಾರಿಸಿದ ಏಟಿಗೆ ಎರಡು ದಿನ ಕಿವಿ ಗುಂಯ್‌ಗುಟ್ಟಿತ್ತು.

"ನಾನೇನು ಕೆಲಸ ಮಾಡ್ತೀನಿ ಗೊತ್ತಾ? ಅಂಡಾಶಯದ ಗೆಡ್ಡೆ ತೆಳ್ಳಗೆ ಹೆಚ್ಚಿ, ಗಾಜಿಗೆ ಹಚ್ಚಿ, ಬಣ್ಣ ಹಾಕ್ತೀನಿ. 'ಬೆಳಿ' ಅಂತ ಹೇಳೋ ಹಾರ್ಮೋನು ಬಂದು ಕೂರೋಕೆ ಜೀವಕೋಶದಲ್ಲಿ ಕೊಂಡಿ ಇದ್ರೆ ಕಂದು. ಇಲ್ದಿದ್ರೆ ನೀಲಿ. ಎಷ್ಟು ಕಂದು ಅಂತ ಸೊನ್ನೆಯಿಂದ ಮೂರರ ತನಕ ಅಂಕಿ ಹಾಕ್ಬೇಕು. ಅಂಕಿ ತಪ್ಪಾದ್ರೆ ಯಾರೋ ಒಬ್ಳು ಸಾಯ್ತಾಳೆ."

ಅದೇ ಗೆಡ್ಡೆ ಕೊನೆಗೆ ತಾಯಿಯ ಹೊಟ್ಟೆಯಲ್ಲೂ ಬೆಳೆಯಿತು. ಮಂಚದ ಕಂಬಿ ಹಿಡಿದು ಅವಳು ಕಿರುಚಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಿದ್ದರು. ಕೊಂಡಿಯನ್ನೇ ಮುಚ್ಚಿಹಾಕುವ ಹೊಸ ಔಷಧಿಯ ಪರೀಕ್ಷೆ ಅದೇ ಲ್ಯಾಬಿನಲ್ಲಿ ಶುರುವಾಗಿತ್ತು. "ನನಗೆ ಸಿಗಲಿಲ್ಲ," ಎಂದಷ್ಟೇ ಹೇಳಿ ಅವಳು ಗೋಡೆಯತ್ತ ತಿರುಗಿದ್ದಳು.

*

ಮಹಡಿ ಮೇಲಿನ ಲ್ಯಾಬಿನ ಬೀರುವಿಗೆ ಬೀಗ ಹಾಕಿತ್ತು. ಡಾಕ್ಟರು ಕೀಲಿ ಹುಡುಕುವಷ್ಟರಲ್ಲಿ ಮಗಳು ಬರಿಗೈಯಲ್ಲೇ ಗಾಜಿನ ಬಾಗಿಲನ್ನು ಗುದ್ದಿ ಒಡೆದಳು. ರಕ್ತ ಸುರಿಯುವ ಕೈಯಿಂದಲೇ ರಿಜಿಸ್ಟರು ಎಳೆದು ಮೇಜಿನ ಮೇಲೆ ಎಸೆದಳು.

ಡಾಕ್ಟರು ಪುಟ ತೆರೆದರು. ಅವರ ಕೈಬರಹದಲ್ಲಿ ಒಂದು 3. ಅದರ ಮೇಲೆ ಅಡ್ಡಗೆರೆ. ಕೆಳಗೆ ಸೊನ್ನೆ. ಪಕ್ಕದಲ್ಲಿ ತಾಯಿಯ ದುಂಡಗಿನ ಸಹಿ.

"ಸುಳ್ಳು ಬರೆದೋನು ನಾನು. ಪರೀಕ್ಷೆಗೆ ಸೇರ್ಕೊಳ್ಳಲಿ ಅಂತ ಮೂರು ಹಾಕಿದ್ದೆ. ಕೊಂಡಿ ಇರೋರಿಗೆ ಅಂತ ಹತ್ತೇ ಜಾಗ ಇತ್ತು. ನಿಮ್ಮಮ್ಮ ಮಾರನೇ ದಿನ ಗೋಡೆ ಹಿಡ್ಕೊಂಡು ನಡೀತಾ ಬಂದು ಹೊಡೆದುಹಾಕಿದ್ರು. 'ನಟ್ಟೇ ಇಲ್ಲದ ಕಡೆ ಸ್ಪ್ಯಾನರು ತಿರುಗಿಸ್ತೀರಾ? ನನ್ನ ಜಾಗಕ್ಕೆ ಕೊಂಡಿ ಇರೋಳು ಬರಲಿ' ಅಂದ್ರು. 'ಸ್ಪ್ಯಾನರು ನನ್ನ ಮಗಳ ಮಾತು' ಅಂತ ನಕ್ಕರು ಕೂಡ."

ಮಗಳು ಪಕ್ಕದ ಸ್ಟೂಲು ಎತ್ತಿ ಗೋಡೆಗೆ ಬೀಸಿದಳು. ಶೀಷೆಗಳು ಪುಡಿಯಾದವು. "ಒಂದೇ ಒಂದು ಸಲ ಸುಳ್ಳು ಹೇಳಿದ್ರೆ ಗಂಟೇನು ಹೋಗ್ತಿತ್ತು ಅವಳದ್ದು? ನನಗೋಸ್ಕರ?" ಕೆಳಗೆ ವ್ಯಾನಿನಲ್ಲಿ ಹೂವು ಹೊದ್ದು ಮಲಗಿದ್ದವಳನ್ನು ಎಬ್ಬಿಸಿ ಆ ಹಳೆಯ ಏಟನ್ನು ತಿರುಗಿ ಕೊಡಬೇಕೆನ್ನುವಷ್ಟು ಸಿಟ್ಟು ಬಂತು.

"ಅವಳ ಗಾಜು ತೋರ್ಸು," ಎಂದಳು.

ಡಾಕ್ಟರು ಗಾಜನ್ನು ಸೂಕ್ಷ್ಮದರ್ಶಕಕ್ಕೆ ಸಿಕ್ಕಿಸಿದರು. ಅವಳು ಕಣ್ಣಿಟ್ಟಳು.

"ಕಂದು! ಇಲ್ಲಿ ತುಂಬ ಕಂದು ಇದೆಯಲ್ಲೋ! ಇಬ್ಬರೂ ಕುರುಡರಾ ನೀವು?"

"ಅದು ಅಮ್ಮಂದಲ್ಲ," ಎಂದರು ಡಾಕ್ಟರು ಮೆಲ್ಲಗೆ. "ಬಣ್ಣ ಸರಿಯಾಗಿ ಹಿಡಿದಿದೆಯಾ ಅಂತ ನೋಡೋಕೆ ಪ್ರತಿ ಗಾಜಿನ ತುದಿಗೂ ಬೇರೆಯವರದೊಂದು ಚೂರು ಅಂಟಿಸ್ತೀವಿ. ಕಂದು ಬರುತ್ತೆ ಅಂತ ಮೊದಲೇ ಗೊತ್ತಿರೋ ಚೂರು. ಅಮ್ಮಂದು ಇನ್ನೊಂದು ತುದೀಲಿದೆ."

ಅವಳು ಗಾಜು ಸರಿಸುವ ತಿರುಪು ತಿರುಗಿಸಿದಳು. ಕಂದು ಸರಿದು ಹೋಯಿತು. ಬರಿ ಗಾಜು ಬಂತು. ಆಮೇಲೆ ನೀಲಿ. ಎಡದ ಮೂಲೆಯಿಂದ ಬಲದ ಮೂಲೆಯವರೆಗೆ ನೀಲಿ. ಒಂದು ಸಾಲು ಕೆಳಗಿಳಿದಳು. ಅಲ್ಲೂ ನೀಲಿ.

ಕೆಳಗೆ ವ್ಯಾನಿನ ಹಾರನ್ ಎರಡನೇ ಸಲ ಕೂಗಿತು. ರಕ್ತಕ್ಕೆ ತಿರುಪು ಜಾರುತ್ತಿತ್ತು. ಬೆರಳನ್ನು ಅಂಗಿಗೆ ಒರೆಸಿಕೊಂಡು ಅವಳು ಮತ್ತೆ ಮೊದಲ ಮೂಲೆಯಿಂದ ಶುರುಮಾಡಿದಳು.