ಯಶೋಧರಾ ಅಳಿಸಿದ ಬಿಳಿ ಗೆರೆ

ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮಾಸ್ತರಾಗಿದ್ದ ವೆಂಕಟರಾಯಪ್ಪನವರು ಅಟೆನ್ಷನ್‌ನಲ್ಲಿ ನಿಂತರೆ ಮುಖದ ಮೇಲೆ ನೊಣ ಕೂತರೂ ಕದಲುತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಮಗಳು ಯಶೋಧರಾಳಿಗೂ ಗೊತ್ತಿತ್ತು. ಗೊತ್ತಿದ್ದೂ ಆ ದಿನ ಅವಳು ನಂಬಿದ್ದು ತನ್ನ ಕಂಪ್ಯೂಟರನ್ನು.

ಚಿಕ್ಕಬಳ್ಳಾಪುರದ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ ಅವಳದು ಹೃದಯದ ಎಂಆರ್‌ಐ ಚಿತ್ರಗಳ ಕೆಲಸ. ಹೃದಯ ಮಹಾ ತುಂಟ, ಒಂದು ಗಳಿಗೆ ನಿಲ್ಲುವುದಿಲ್ಲ. ಮೇಲಿಂದ ಉಸಿರಾಟ ಬೇರೆ. ಚಿತ್ರ ಕದಡಿಹೋಗುತ್ತದೆ. ಉಸಿರು ಬಿಗಿಹಿಡಿಯಿರಿ ಎಂದರೆ ವಯಸ್ಸಾದವರಿಗೆ ಎಲ್ಲಿ ಆಗಬೇಕು? ರೋಗಿ ಆರಾಮಾಗಿ ಉಸಿರಾಡುತ್ತಿದ್ದರೂ ಚಿತ್ರ ತಿಳಿಯಾಗಿ ಬರುವಂಥ ಪ್ರೋಗ್ರಾಂ ಒಂದನ್ನು ಅವಳು ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಬರೆದಿದ್ದಳು. ಪರೀಕ್ಷೆಗೆ ಆರೋಗ್ಯವಂತರು ಬೇಕಾಗಿದ್ದರು. ಅಪ್ಪನನ್ನು ಕರೆದಳು. ಮಗಳ ಕೆಲಸವೆಂದರೆ ಕೇಳಬೇಕೆ, ಅವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡೇ ಬಂದರು.

ಮುಕ್ಕಾಲು ಗಂಟೆ ಆ ಸುರಂಗದಂಥ ಯಂತ್ರದೊಳಗೆ ಮಲಗಿ ಎದ್ದರು. ಪರದೆಯ ಮೇಲೆ ಹೃದಯದ ಗೋಡೆಯಲ್ಲೊಂದು ಬಿಳಿ ಗೆರೆ ಕಂಡಿತು.

“ಅಪ್ಪಾ, ಅಲ್ಲಾಡಿದ್ಯಾ?” ಎಂದಳು ಯಶೋಧರಾ.

“ಇಲ್ಲ ಕಣಮ್ಮ. ಹಂಗೇ ಇದ್ದೆ.”

“ಅಲ್ಲಾಡಿದ್ದೀಯ ಬಿಡಪ್ಪ, ಇಲ್ಲಿ ಗೆರೆ ಬಂದಿದೆ. ಪರ್ವಾಗಿಲ್ಲ, ಪ್ರೋಗ್ರಾಂ ಸರಿ ಮಾಡುತ್ತೆ.”

ಪ್ರೋಗ್ರಾಂ ಸರಿ ಮಾಡಿತು. ಗೆರೆ ಮಾಯವಾಯಿತು. ಹೃದಯ ಎಷ್ಟು ಅಚ್ಚುಕಟ್ಟಾಗಿ ಕಂಡಿತೆಂದರೆ ಆ ಚಿತ್ರವನ್ನೇ ತನ್ನ ಸಂಶೋಧನಾ ಪ್ರಬಂಧದ ಮೊದಲ ಪುಟಕ್ಕೆ ಹಾಕಿದಳು. ಎಲ್ಲರೂ ಹೊಗಳಿದರು, ಅವಳೂ ಉಬ್ಬಿದಳು. ಉಬ್ಬಲಿ, ಬೇಡ ಎಂದವರಾರು? ಹೃದ್ರೋಗದ ಡಾಕ್ಟರೊಬ್ಬರಿಗೆ ಆ ಗೆರೆಯನ್ನು ಒಮ್ಮೆ ತೋರಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಏಳು ತಿಂಗಳ ನಂತರ ವೆಂಕಟರಾಯಪ್ಪನವರು ಪೆರೇಸಂದ್ರದ ಬಸ್‌ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕುಸಿದರು. ಜೀವ ಉಳಿಯಿತು. ಆದರೆ ಹೃದಯದ ಅರ್ಧ ಬಲ ಹೋಗಿತ್ತು.

“ಹಾರ್ಟ್ ಅಟ್ಯಾಕ್ ಇದು ಎರಡನೇ ಸಲ,” ಎಂದರು ಆಸ್ಪತ್ರೆಯ ಡಾಕ್ಟರು. “ಮೊದಲನೇದು ನೋವಿಲ್ಲದೆ ಆಗ್ಹೋಗಿದೆ. ವರ್ಷದ ಮೇಲಾಗಿರಬಹುದು, ಹಳೇ ಗಾಯ ಇದೆ. ಆಗ್ಲೇ ಗೊತ್ತಾಗಿದ್ದಿದ್ರೆ ಮಾತ್ರೆಲೇ ತಡೀಬಹುದಿತ್ತೇನೋ.”

ಯಶೋಧರಾಳಿಗೆ ಆ ಬಿಳಿ ಗೆರೆ ನೆನಪಾಯಿತು. ನೇರ ಕೇಂದ್ರಕ್ಕೆ ಹೋಗಿ ಪ್ರೋಗ್ರಾಂ ಮುಟ್ಟದ ಮೂಲ ಚಿತ್ರಗಳನ್ನು ತೆಗೆದಳು. ಅಪ್ಪ ಅಲ್ಲಾಡಿದ್ದರೆ ಬೆನ್ನುಮೂಳೆಯೂ ಮಸುಕಾಗಬೇಕಿತ್ತು. ಅದು ಕೊರೆದಿಟ್ಟಂತೆ ಸ್ಪಷ್ಟವಾಗಿತ್ತು. ಮುಕ್ಕಾಲು ಗಂಟೆಯಲ್ಲಿ ಆ ಮನುಷ್ಯ ಕೂದಲೆಳೆಯಷ್ಟೂ ಕದಲಿರಲಿಲ್ಲ. ಬಿಳಿ ಗೆರೆ ಗಾಯವೇ ಆಗಿತ್ತು. ಅದನ್ನು ಅಳಿಸಿದವಳು ತಾನು. ಅವಳು ಕುರ್ಚಿಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆಂದು ಪತ್ರ ಬರೆದಳು. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ವಾರಕ್ಕೆ ಗೌರಿಬಿದನೂರಿಗೆ ಹೋದಳು. ಅವರು ಹಜಾರದಲ್ಲಿ ದಿಂಬಿಗೊರಗಿ ಕೂತಿದ್ದರು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು ಬರುತ್ತಿತ್ತು. ಒಂದನ್ನೂ ಮುಚ್ಚಿಡದೆ ಅವಳು ಎಲ್ಲ ಹೇಳಿದಳು.

ಅವರು ಅವಳ ಕೈ ಹಿಡಿದುಕೊಂಡರು.

“ಅವತ್ತು ನಾನೇ ಸುಳ್ಳು ಹೇಳ್ದೆ ಕಣಮ್ಮ. ಬೆನ್ನು ಕಡೀತಿತ್ತು, ಎರಡು ಸಲ ಹೊರಳಿದೆ. ಡ್ರಿಲ್ ಮಾಸ್ಟ್ರು ಅನ್ನಿಸ್ಕೊಂಡು ಅಷ್ಟೂ ಆಗ್ಲಿಲ್ವಲ್ಲ ಅಂತ ನಾಚಿಕೆ ಆಯ್ತು, ಅದಕ್ಕೇ ಹೇಳ್ಲಿಲ್ಲ. ನಿಂದೇನೂ ತಪ್ಪಿಲ್ಲ, ಬಿಡು.”

ಅವರು ನಿಜ ಹೇಳಿದ ದಿನ ನಂಬದೆ ಹೋದವಳಿಗೆ ಇವತ್ತಿನದು ಸುಳ್ಳು ಎನ್ನಲು ಬಾಯಿ ಬರಲಿಲ್ಲ.

“ಸರಿ ಅಪ್ಪಾ,” ಎಂದಳು.