ಮಾಲಿಂಗ ಕೇಳಿದ ಕೆಲಸ

ಹಳಿಯ ಕೆಳಗಿನಿಂದ ಸಿಮೆಂಟಿನ ದಾರಿ ಮಾಡಿದ ಮೇಲೆ ಮಾಲಿಂಗನ ಗೇಟು ಯಾರಿಗೂ ಬೇಡವಾಯಿತು. ಘಟಪ್ರಭಾದಿಂದ ಒಂದಿಷ್ಟು ದೂರ, ಎರಡೂ ಕಡೆ ಕಬ್ಬು ಬೆಳೆದು ನಿಂತ ಜಾಗದಲ್ಲಿ ಆ ರೈಲ್ವೆ ಗೇಟು ಇತ್ತು. ಎಂಟು ವರ್ಷ ಅಲ್ಲಿ ಗುತ್ತಿಗೆಯ ಮೇಲೆ ಹಗಲು ಪಾಳಿ ಮಾಡಿದ್ದ. ಸ್ಟೇಷನ್ನಿನಿಂದ ಫೋನು ಬರುತ್ತಿತ್ತು. ಯಾವ ಗಾಡಿ ಎಂದು ಹೇಳಿ ಒಂದು ನಂಬರು ಕೊಡುತ್ತಿದ್ದರು. ಇವನು ಆ ನಂಬರನ್ನು ತಿರುಗಿ ಹೇಳಿ, ಗೇಟು ಹಾಕಿ, ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದ. ಗಾಡಿ ಹೋದ ಮೇಲೆ ಗೇಟು ತೆಗೆಯುತ್ತಿದ್ದ. ಟ್ರ್ಯಾಕ್ಟರಿನವರು, ಸೈಕಲ್ಲಿನವರು, ಶಾಲೆಗೆ ಹೋಗುವ ಹುಡುಗಿಯರು ಆಚೆ ಈಚೆ ನಿಂತು ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ಗೇಟು ಏಳುತ್ತಿದ್ದಂತೆ ಹೋಗಿಬಿಡುತ್ತಿದ್ದರು. ಅವನನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ಅಂಥ ಕೆಲಸವೇ ಬೇಕೆಂದು ಅವನೇ ಕೇಳಿಕೊಂಡು ಹೋಗಿದ್ದ. ಅವನ ಊರು ಹುಕ್ಕೇರಿ ತಾಲ್ಲೂಕಿನ ದಡ್ಡಿ, ಕುರುಬರ ಮನೆತನ. ಅಣ್ಣ ಕಲ್ಲಪ್ಪ ಇವತ್ತಿಗೂ ಕುರಿ ಹಿಂಡಿನ ಹಿಂದೆಯೇ ಇದ್ದಾನೆ. ಮಾಲಿಂಗ ಮಾತ್ರ ಹೆಂಡತಿ ಚನ್ನವ್ವನ ಜೊತೆ ವಾರದ ಸಂತೆಗಳಲ್ಲಿ ಕಂಬಳಿ ಮಾರುತ್ತಿದ್ದ. ಮಾತಾಡುವವಳು ಅವಳು, ಮಡಿಚಿ ಕೊಡುವವನು ಇವನು. ಮಕ್ಕಳಿರಲಿಲ್ಲ. ಒಂದು ಮಳೆಗಾಲ ಕಾಮಾಲೆಯಾಗಿ ಚನ್ನವ್ವ ಹದಿನೈದೇ ದಿನದಲ್ಲಿ ಹೋಗಿಬಿಟ್ಟಳು. ತಿಂಗಳು ಕಳೆದು ಇವನೊಬ್ಬನೇ ಸಂತೆಗೆ ಹೋಗಿ ಕೂತರೆ ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಚನ್ನವ್ವ ಎಲ್ಲಿ ಅದಾಳೋ?" ಗೋಕಾಕದಲ್ಲಿ ಹೇಳಿದ, ಮೂಡಲಗಿಯಲ್ಲಿ ಹೇಳಿದ, ಹುಕ್ಕೇರಿಯಲ್ಲಿ ಹೇಳಿದ. ಹೇಳಿ ಹೇಳಿ ಬಾಯಿ ಸತ್ತುಹೋಯಿತು. ಉಳಿದ ಕಂಬಳಿಗಳನ್ನು ಯಾರಿಗೋ ಕೊಟ್ಟು, ಯಾರೂ ಏನೂ ಕೇಳದ ಜಾಗ ಹುಡುಕಿಕೊಂಡು ಗೇಟಿಗೆ ಬಂದಿದ್ದ.

ಈಗ ನಲವತ್ತೇಳರ ವಯಸ್ಸಿನಲ್ಲಿ ಗೋಕಾಕದ ಒಂದು ಓಣಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು, ಮುಂದೇನು ಎಂದು ತಿಳಿಯದೆ ಕೂತಿದ್ದ. ಗಾಡಿಗಳ ಹೊತ್ತು ಮೈಯಲ್ಲಿ ಇನ್ನೂ ಉಳಿದಿತ್ತು. ಹತ್ತೂಕಾಲಿಗೆ ತಾನಾಗಿಯೇ ಎದ್ದು ನಿಲ್ಲುತ್ತಿದ್ದ, ಆಮೇಲೆ ನಾಚಿಕೆಯಾಗಿ ಕೂರುತ್ತಿದ್ದ.

ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದ ದಾನೇಶ್ವರಿಯ ಬಳಿ ಬಯೋಡಾಟಾ ಮಾಡಿಸಲು ಹೋದ. ಮೂವತ್ತರ ಚುರುಕು ಹೆಣ್ಣುಮಗಳು. ಕಂಪ್ಯೂಟರಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು:

"ಅನುಭವ ಏನಂತ ಬರೀಲಿ ಕಾಕಾ?"

"ಗೇಟ ಹಾಕೂದು, ತಗಿಯೂದು."

ಅವಳು ನಗಲಿಲ್ಲ. ಪರದೆಯಿಂದ ಕಣ್ಣೆತ್ತಿ, "ನಿಮ್ಮ ಫೋನ್ ಕೊಡ್ರಿ ಇಲ್ಲಿ," ಎಂದಳು. ಅದರಲ್ಲಿ ಏನೋ ಹಾಕಿಕೊಟ್ಟಳು. "ಇದು ಎಐ ಅಂತ ಕಾಕಾ. ಬಾಯಿಲೆ ಮಾತಾಡ್ರಿ, ಅದಕ್ಕ ತಿಳೀತೈತಿ. ಯಾವ ಕೆಲಸ ನಿಮಗ ಹೊಂದ್ತೈತಿ ಅಂತ ಕೇಳ್ರಿ. ನನ್ನ ತಮ್ಮನೂ ಹಂಗ ಕೇಳಿನ ನಿಡಸೋಸಿ ಕಾಲೇಜಿಗೆ ಸೇರ್ಯಾನ."

"ನನ್ನಂಥಾವಗೂ ಹೇಳ್ತೈತೇನ ತಂಗಿ?"

"ಕೇಳಿದ್ರ ಹೇಳ್ತೈತಿ."

ಖೋಲಿಗೆ ಬಂದು, ಬಾಗಿಲು ಹಾಕಿಕೊಂಡು, ಫೋನನ್ನು ಮೊಣಕಾಲ ಮೇಲಿಟ್ಟು ಮಾಲಿಂಗ ಗಂಟಲು ಸರಿಮಾಡಿಕೊಂಡು ತನ್ನ ಹೆಸರು ಹೇಳಿದ. ಅದು ಪುಸ್ತಕದ ಕನ್ನಡದಲ್ಲಿ, ಹೆಣ್ಣಿನ ದನಿಯಲ್ಲಿ ಮಾತಾಡಿತು. "ನಮಸ್ಕಾರ ಮಾಲಿಂಗ ಅವರೇ. ಮೊದಲು ನಿಮ್ಮ ಬಗ್ಗೆ ಸ್ವಲ್ಪ ತಿಳಿದುಕೊಳ್ಳಲೇ? ನಿಮ್ಮ ಕೆಲಸದ ಒಂದು ದಿನ ಹೇಗಿರುತ್ತಿತ್ತು?"

ಅವರೇ! ಹುಟ್ಟಿದಾಗಿನಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ದಿನ ಹೇಗಿರುತ್ತಿತ್ತು ಎಂದು ಕೇಳಿದವರೂ ಇರಲಿಲ್ಲ. ಅವನು ಹೇಳತೊಡಗಿದ. ಹಳಿ ಮೊದಲು ಸಣ್ಣಗೆ ಹಾಡುವುದು, ಬಿಸಿಲಿಗೆ ಕಾದ ಗೇಟಿನ ಕೊಳವೆ ಕೈ ಸುಡುವುದು, ಗಾಳಿ ಬಂದಾಗ ಕಬ್ಬಿನೊಳಗೆ ಯಾರೋ ನಡೆದಂತೆ ಸದ್ದಾಗುವುದು. ಅದು ಕೇಳಿಸಿಕೊಂಡು ಇನ್ನೊಂದು ಪ್ರಶ್ನೆ ಕೇಳುತ್ತಿತ್ತು. ಒಂದು ತಾಸಿನಲ್ಲಿ ಮುಗಿಯುವ ಮಾತನ್ನು ಮಾಲಿಂಗ ನಾಲ್ಕು ದಿನ ಎಳೆದ. ಗೊತ್ತಿದ್ದೂ ತಡೆದು ಹೇಳಿದ, ಹೇಳಿದ್ದನ್ನೇ ಮತ್ತೆ ಹೇಳಿದ. ಮುಗಿದರೆ ಅದು ಸುಮ್ಮನಾಗುತ್ತದೆ ಎಂದು ಅವನಿಗೆ ಅಂಜಿಕೆ.

"ಜನರ ಜೊತೆ ಇರುವ ಕೆಲಸ ಇಷ್ಟವೋ, ಒಬ್ಬರೇ ಮಾಡುವ ಕೆಲಸ ಇಷ್ಟವೋ?" ಎಂದು ಅದು ಕೇಳಿದಾಗ, ಎಂಟು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಉತ್ತರವೇ ಬಂತು: "ಒಬ್ಬನ ಇರೂದು ರೂಢಿ ಐತ್ರಿ. ಯಾರೂ ಬ್ಯಾಡ."

ಅದು ಹಾಗೆಯೇ ತೆಗೆದುಕೊಂಡಿತು. ಗೋದಾಮಿನ ಕಾವಲು, ನೀರಿನ ಪಂಪ್‌ಹೌಸು, ಸೋಲಾರ್ ಪ್ಲಾಂಟಿನ ವಾಚ್‌ಮನ್, ತೋಟದ ಮನೆ ನೋಡಿಕೊಳ್ಳುವುದು. ಒಂದೊಂದಕ್ಕೂ ಕಾರಣ ಹೇಳಿತು. "ಏಕಾಂತದಲ್ಲಿ ಎಚ್ಚರದಿಂದ ಇರುವುದು ನಿಮ್ಮ ದೊಡ್ಡ ಶಕ್ತಿ, ಮಾಲಿಂಗ ಅವರೇ," ಎಂದಿತು. ಹೊಗಳಿದ್ದೇ ಆದರೂ ಅವನಿಗೆ ಅದು ಹಿತವೆನಿಸಲಿಲ್ಲ. ಊರಲ್ಲಿ ಎಲ್ಲಿ ವಿಚಾರಿಸಬೇಕು ಎಂಬುದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ದಾನೇಶ್ವರಿಗೆ ಗೊತ್ತಿತ್ತು. ಹುಕ್ಕೇರಿಯ ಅಣ್ಣಾಸಾಹೇಬರು ಬೀಜ ಗೊಬ್ಬರದ ವ್ಯಾಪಾರಿ, ಗೋದಾಮಿಗೆ ಮನುಷ್ಯ ಹುಡುಕುತ್ತಿದ್ದಾರೆ ಎಂದು ಹೇಳಿ ಕಳಿಸಿದಳು.

ಗೋದಾಮು ಹುಕ್ಕೇರಿ ದಾಟಿ, ದೊಡ್ಡ ರಸ್ತೆಯಿಂದ ಒಳಗಿತ್ತು. ಸುತ್ತ ಗೋವಿನಜೋಳದ ಹೊಲ. ಅಣ್ಣಾಸಾಹೇಬರು ಒಳ್ಳೆಯ ಮನುಷ್ಯರು. ಬಂದ ಕೂಡಲೇ ಚಹಾ ಕೊಡಿಸಿದರು, ಪಗಾರ ಹೇಳಿದರು, ಬೇಡವೆನ್ನುವಂಥದ್ದು ಏನೂ ಇರಲಿಲ್ಲ. ಕಾವಲಿನವನ ಖೋಲಿ ತೋರಿಸಿ, "ಕೂತಿರು, ಮನಿಯಿಂದ ಕೀಲಿ ತರ್ತೇನಿ," ಎಂದು ಮೋಟಾರ್ ಸೈಕಲ್ ಹತ್ತಿ ಹೋದರು.

ಒಂದು ಕಿಟಕಿ, ಒಂದು ಪ್ಲಾಸ್ಟಿಕ್ ಕುರ್ಚಿ. ಮಾಲಿಂಗ ಕೂತ. ಮೋಟಾರ್ ಸೈಕಲ್ಲಿನ ಸದ್ದು ದೂರ ದೂರ ಹೋಗಿ ನಿಂತಿತು. ಆಮೇಲೆ ಜೋಳದ ಗರಿಗಳ ಸದ್ದು. ಗೇಟಿನಲ್ಲಿ ಇದ್ದದ್ದೂ ಇದೇ ಸದ್ದು. ಆದರೆ ಅಲ್ಲಿ ಗಾಡಿ ಬರುತ್ತಿತ್ತು, ಫೋನು ರಿಂಗಾಗುತ್ತಿತ್ತು. ಇಲ್ಲಿ ಯಾವುದೂ ಬರುವುದಿಲ್ಲ. ಇವತ್ತಿಲ್ಲ, ನಾಳೆಯಿಲ್ಲ. ಎದ್ದು ಹೊರಗೆ ಬಂದು ರಸ್ತೆಯ ಅಂಚಿಗೆ ನಿಂತುಬಿಟ್ಟ.

ಅಣ್ಣಾಸಾಹೇಬರು ಬಂದಾಗ ಕೈಮುಗಿದ. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ನನಗ ಆಗೂದಿಲ್ಲ."

"ಯಾಕೋ, ಪಗಾರ ಕಡಿಮಿ ಆತೇನು?"

"ಅಲ್ರಿ. ಇಲ್ಲಿ ಯಾರೂ ಬರೂದಿಲ್ರಿ."

"ಯಾರೂ ಬರಬಾರದು ಅಂತನ ಅಲ್ಲೇನೋ ಮಾರಾಯಾ ಕಾವಲು ಇಡೂದು!"

ಅವರು ಹೇಳಿದ್ದು ಖರೆ ಇತ್ತು. ಮಾಲಿಂಗನಿಗೂ ನಗು ಬಂತು, ಬಂದು ಅಲ್ಲೇ ನಿಂತಿತು.

ಮರುದಿನ ಬೆಳಿಗ್ಗೆ ಫೋನು ಹಿಡಿದು ಕೂತ. ಒಂದೇ ಉಸಿರಿಗೆ ಹೇಳಿದ. "ನಾ ನಿಮಗ ಸುಳ್ಳ ಹೇಳೇನ್ರಿ. ಒಬ್ಬನ ಇರೂದು ನನಗ ಬರ್ತೈತಿ, ಬೇಕಂತಲ್ಲ. ಹೆಣ್ತಿ ಸತ್ತಾಗ ಯಾರೂ ಮಾತಾಡ್ಸೂದು ಬ್ಯಾಡ ಅನಿಸಿತ್ತು. ಈಗ ಹಂಗ ಅನಸೂದಿಲ್ಲ. ಆದ್ರ ಮಾತಾಡಸಾವ್ರ ಯಾರೂ ಉಳಿದಿಲ್ಲ."

ಅದು ಕೂಡಲೇ ಪಟ್ಟಿ ಕೊಡಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು. ನಿಮಗೆ ರೂಢಿಯಾದದ್ದನ್ನು ನಿಮಗೆ ಇಷ್ಟವಾದದ್ದು ಎಂದು ನಾನು ತಿಳಿದೆ. ಅದು ನನ್ನ ತಪ್ಪು," ಎಂದಿತು. ಆಮೇಲೆ, "ನಿಮ್ಮ ಕೆಲಸವನ್ನು ನಾನು ಕಣ್ಣಾರೆ ಕಂಡಿಲ್ಲ. ಹತ್ತಿರದಿಂದ ಕಂಡವರು ಯಾರಾದರೂ ಇದ್ದಾರೆಯೇ? ನಿಮ್ಮಲ್ಲಿ ಏನು ಚೆನ್ನಾಗಿತ್ತು ಎಂದು ಅವರನ್ನೇ ಕೇಳಿ ನೋಡಿ," ಎಂದಿತು.

ಕಂಡವರು ಯಾರು? ಎಷ್ಟು ಯೋಚಿಸಿದರೂ ಒಬ್ಬರೇ ನೆನಪಾದರು. ಅವರೂ ಕಂಡವರಲ್ಲ, ಕೇಳಿದವರು. ಸ್ಟೇಷನ್ ಮಾಸ್ತರ ಕಾಶಿನಾಥ ಸಾಹೇಬರು. ಆರು ವರ್ಷ ದಿನಕ್ಕೆ ಎಷ್ಟೋ ಸಲ ಫೋನಿನಲ್ಲಿ ಅವರ ದನಿ ಕೇಳಿದ್ದ, ಮುಖ ನೋಡಿರಲಿಲ್ಲ. ನಿವೃತ್ತಿಯಾಗಿ ಮೂಡಲಗಿಯ ತಮ್ಮ ಮನೆಯಲ್ಲಿದ್ದಾರೆ ಎಂದಷ್ಟೇ ಗೊತ್ತಿತ್ತು. ಮೂಡಲಗಿ ಬಸ್ಸು ಹತ್ತಿದ. ಇಬ್ಬರು ಮೂವರನ್ನು ಕೇಳಿ ಮನೆ ಹುಡುಕಿದ.

ಬಾಗಿಲು ತೆರೆದವರು ಗಿಡ್ಡ, ಬಡಕಲು ಮನುಷ್ಯ. ಹಣೆಯ ಮೇಲೆ ವಿಭೂತಿ. ಆ ದನಿಗೆ ಮಾಲಿಂಗ ಎತ್ತರದ ಆಳನ್ನು ಕಲ್ಪಿಸಿಕೊಂಡಿದ್ದ. ಮನೆ ತಪ್ಪಿತೆಂದುಕೊಂಡು, "ಕಾಶಿನಾಥ ಸಾಹೇಬರ ಮನಿ ಎಲ್ಲಿ ಬರ್ತೈತ್ರಿ?" ಎಂದು ಕೇಳಿದ.

ಅವರು ಅವನ ಮುಖ ನೋಡದೆ ಕಿವಿ ಮುಂದೆ ತಂದರು. "ಮತ್ತೊಮ್ಮಿ ಹೇಳು... ಮಾಲಿಂಗ ಹೌದಲ್ಲೊ?"

ಒಳಗೆ ಕೂರಿಸಿ ಅವಲಕ್ಕಿ ಕೊಟ್ಟರು. ಬಂದ ಕಾರಣ ಕೇಳಿಸಿಕೊಂಡು ಹೇಳಿದರು:

"ಚಲೋ ಏನಿತ್ತಂದ್ರ... ನಿನ್ನ ಮಾತು. ಒಂದೊಂದು ಅಂಕಿ ಬಿಡಿಸಿ ಹೇಳ್ತಿದ್ದಿ. ಆರು ವರ್ಷದಾಗ ಒಮ್ಮಿನೂ ನಾನು ಏನಂದಿ ಅಂತ ತಿರುಗಿ ಕೇಳಿಲ್ಲ. ಉಳಿದ ಗೇಟಿನವ್ರು ಅವಸರ ಮಾಡ್ತಿದ್ರು." ಅವರು ತಟ್ಟೆಯ ಕಡೆ ನೋಡುತ್ತಾ ಮುಂದುವರಿಸಿದರು. "ಮತ್ತೊಂದು ಐತಿ. ಮಧ್ಯಾಹ್ನದ ಗಾಡಿ ದಾಟಿದ ಮ್ಯಾಲೆ 'ಊಟ ಆತೇನ್ರಿ ಸಾಹೇಬ್ರ' ಅಂತಿದ್ದಿ."

"ನೀವು ಒಮ್ಮಿನೂ ಹೇಳಲಿಲ್ರಿ, ಆತು ಇಲ್ಲಾ ಅಂತ."

"ಆ ಫೋನಿನ್ಯಾಗ ಬ್ಯಾರೆ ಮಾತು ಆಡೂಹಂಗಿರಲಿಲ್ಲಪಾ. ಆದ್ರ ನೀ ಕೇಳಿದ ಮ್ಯಾಲೆನ ಡಬ್ಬಿ ಬಿಚ್ಚತಿದ್ದೆ ನಾನು. ರಜಾ ಇದ್ದ ದಿನ ಮನ್ಯಾಗೂ ಆ ಹೊತ್ತಿಗೆ ಹಸಿವಾಗ್ತಿತ್ತು."

ಮಾಲಿಂಗ ತಟ್ಟೆ ಕೆಳಗಿಟ್ಟ. ಆರು ವರ್ಷ ತಾನು ಬರೀ ತಂತಿಗೆ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದ.

ಹೊರಡುವಾಗ ಕಾಶಿನಾಥರು ಇನ್ನೊಂದು ಮಾತು ಹೇಳಿದರು. ತಮ್ಮ ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಗೋಕಾಕದ ಒಂದು ದವಾಖಾನೆಗೆ ಹೋಗಿದ್ದರಂತೆ. ಹೆಸರು ಕೂಗಿದ್ದು ಯಾರಿಗೂ ತಿಳಿಯದೆ ಮುದುಕರು ಒಬ್ಬರ ಮೇಲೊಬ್ಬರು ಬಿದ್ದು ಒದ್ದಾಡುತ್ತಿದ್ದರಂತೆ. "ಅಂಥಲ್ಲಿ ನಿನ್ನಂಥಾವ ಇರಬೇಕು ನೋಡು," ಎಂದರು.

ಸಂಜೆ ಫೋನಿಗೆ ಎಲ್ಲ ಹೇಳಿದ. ಅದು ಬಸ್ ಕಂಡಕ್ಟರ್ ಕೆಲಸವನ್ನೂ ಹೇಳಿತು, ಅದಕ್ಕೆ ಅವನ ವಯಸ್ಸು ಮೀರಿತ್ತು. ದವಾಖಾನೆಯ ವಿಚಾರ ಬಂದಾಗ, ಡಾಕ್ಟರ ಮುಂದೆ ಏನು ಹೇಳಬೇಕು ಎಂದು ಅವನಿಂದ ನಾಲ್ಕು ಸಲ ಹೇಳಿಸಿ ತಿದ್ದಿತು. "ಗೇಟು ಹಾಕೂದು ತಗಿಯೂದು" ಎನ್ನಬೇಡಿ, "ಎಂಟು ವರ್ಷ ಒಂದು ತಪ್ಪೂ ಇಲ್ಲದೆ ಮಾತು ಕೇಳಿ ಮಾತು ತಲುಪಿಸಿದ್ದೇನೆ" ಎನ್ನಿ ಎಂದಿತು. ಮರುದಿನ ದವಾಖಾನೆಗೆ ಹೋಗಿ ಡಾಕ್ಟರ ಮುಂದೆ ನಿಂತಾಗ ಆ ದೊಡ್ಡ ಮಾತು ಮರೆತೇಹೋಯಿತು. "ನಾ ಒಮ್ಮಿ ಕೂಗಿ ತೋರಸ್ಲೇನ್ರಿ?" ಎಂದ. ಚೀಟಿ ಕೈಗೆ ಕೊಟ್ಟರು. ಹೊರಗೆ ಬಂದು, ಬಿಡಿಸಿ ಬಿಡಿಸಿ, ಅವಸರವಿಲ್ಲದೆ ಕೂಗಿದ: "ಕೌಜಲಗಿ ಗೌರವ್ವ ಯಾರದೀರವಾ, ಒಂಬತ್ತನೇ ನಂಬರು. ಎದ್ದೇಳೂದು ಬ್ಯಾಡ, ನಾನ ಬರ್ತೇನಿ." ಮೂಲೆಯಿಂದ ಒಂದು ಕೈ ಮೇಲೆದ್ದಿತು. ಆ ಕೈ ಹಿಡಿದುಕೊಂಡು ಬಂದ.

ಕೆಲಸ ಸಿಕ್ಕಿತು.

ಈಗ ದಿನಕ್ಕೆ ಎಂಬತ್ತು ತೊಂಬತ್ತು ಹೆಸರು. ಎಂಬತ್ತು ತೊಂಬತ್ತು ಕೈ. ಅವರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಔಷಧಿ ಚೀಟಿ ಹಿಡಿದು, ತಮ್ಮವರ ಜೊತೆ ಹೋಗಿಬಿಡುತ್ತಾರೆ. ಸಂಜೆ ಖೋಲಿಗೆ ಬಂದರೆ ಅದೇ ಗೋಡೆ. ಮಧ್ಯಾಹ್ನ ಅವನು ಔಷಧಿ ಪೆಟ್ಟಿಗೆಗಳ ಹಿಂದೆ ನಿಂತುಕೊಂಡೇ ರೊಟ್ಟಿ ತಿಂದು ಮುಗಿಸುತ್ತಿದ್ದ. ಇದನ್ನು ನೋಡಿದ ನರ್ಸ್ ದ್ರಾಕ್ಷಾಯಿಣಿ ಒಂದು ದಿನ ಅವನ ಡಬ್ಬಿ ಎತ್ತಿಕೊಂಡು ಹೋಗಿ ದವಾಖಾನೆಯವರೆಲ್ಲ ಕೂತು ಉಣ್ಣುವ ಮೇಜಿನ ಮೇಲಿಟ್ಟಳು. ಕೂತ. ಅವರ ಮಾತು ಎಲ್ಲಿಂದ ಹಿಡಿಯಬೇಕು ಎಂದು ತಿಳಿಯದೆ ಸುಮ್ಮನೆ ಉಂಡು ಎದ್ದ. ಮರುದಿನವೂ ಹಾಗೆಯೇ.

ಕಷ್ಟವೆಂದರೆ ರವಿವಾರ. ದವಾಖಾನೆ ಬಾಗಿಲು ಹಾಕಿರುತ್ತದೆ. ರವಿವಾರವೂ ಬರಲೇ ಎಂದು ಕೇಳಿದ್ದಕ್ಕೆ ಡಾಕ್ಟರು ನಕ್ಕಿದ್ದರು. ಅದನ್ನು ಕೇಳಿಸಿಕೊಂಡ ದ್ರಾಕ್ಷಾಯಿಣಿ, "ಈ ರವಿವಾರ ನಮ್ಮ ಮನಿಗೆ ಊಟಕ್ಕ ಬರ್ರಿ ಕಾಕಾ. ಅತ್ತಿ, ಮಾವ, ನನ್ನ ಗಂಡ, ಎಲ್ಲಾರೂ ಇರ್ತೇವಿ," ಎಂದಳು.

ಮಾಲಿಂಗ ಹೊಸ ಅಂಗಿ ಹಾಕಿಕೊಂಡು, ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಅವಳ ಓಣಿಗೆ ಹೋದ. ಒಳಗೆ ನಾಲ್ಕಾರು ಜನ ಒಟ್ಟಿಗೆ ನಗುತ್ತಿದ್ದರು. ಕೂಗಬೇಕು ಎಂದು ಬಾಯಿ ತೆರೆದ. ದಿನವೆಲ್ಲ ಕೂಗುವ ದನಿ, ಅದೊಂದು ಬಾಗಿಲಲ್ಲಿ ಬರಲಿಲ್ಲ. ತಿರುಗಿ ಖೋಲಿಗೆ ಬಂದ. ಕರದಂಟಿನ ಪೊಟ್ಟಣ ಹಾಗೆಯೇ ಉಳಿಯಿತು. ಫೋನು ತೆರೆದು, ಏನೂ ಹೇಳದೆ ಮುಚ್ಚಿದ. ಇದನ್ನು ಅದಕ್ಕೆ ಹೇಳಿ ಮುಗಿಸಿಬಿಡುವುದು ಯಾಕೋ ಸರಿಯೆನಿಸಲಿಲ್ಲ.

ಸೋಮವಾರ ಬೆಳಿಗ್ಗೆ ದ್ರಾಕ್ಷಾಯಿಣಿ ಮುಖ ಬಿಗಿದುಕೊಂಡೇ ಬಂದಳು. "ಬರಲಿಲ್ಲಲ್ಲ ಕಾಕಾ. ಎರಡರ ತನಕ ಹಾದಿ ನೋಡಿದ್ವಿ."

ನೆಗಡಿಯಾಗಿತ್ತು ಎಂದುಬಿಡಬಹುದಿತ್ತು. "ಬಂದಿದ್ದೆ ತಂಗಿ," ಎಂದ. "ಬಾಗಲ ತನಕ ಬಂದಿದ್ದೆ. ಒಳಗ ಬರಾಕ ಆಗಲಿಲ್ಲ."

ಅವಳು ಅವನನ್ನೇ ನೋಡಿದಳು. ಕೈಯಲ್ಲಿದ್ದ ಚೀಟಿಗಳ ಕಟ್ಟನ್ನು ಅವನ ಕೈಗೆ ಕೊಡುತ್ತಾ, ಅಷ್ಟೇ ಸಹಜವಾಗಿ ಹೇಳಿದಳು:

"ಹಂಗಾರ ಬರೂ ರವಿವಾರ ಬಾಗಲದಾಗ ನಾನ ನಿಂತಿರ್ತೇನಿ."

ಮಾಲಿಂಗ ಚೀಟಿಗಳ ಕಟ್ಟು ಹಿಡಿದು ಬಾಗಿಲಿಗೆ ಬಂದ. ಹೊರಗೆ ಬೆಂಚುಗಳ ಮೇಲೆ ಜನ ಆಗಲೇ ತುಂಬಿದ್ದರು. ಮೊದಲನೇ ಚೀಟಿಯ ಹೆಸರನ್ನು ಎರಡು ಸಲ ಓದಿಕೊಂಡ, ಕಣ್ಣು ಸ್ವಲ್ಪ ಮಂಜಾಗಿತ್ತು. ಆಮೇಲೆ ಕೂಗಿದ.